ರೇಡಿಯೋ ರಿಪೇರಿ ಅಂಗಡಿಯಲ್ಲಿ ಹುಟ್ಟಿದ ಗಿಟಾರ್

ಸಭೆಯಲ್ಲಿ ಮೈಕನ್ನು ಧ್ವನಿವರ್ಧಕದ ಹತ್ತಿರ ಒಯ್ದರೆ ಅದು ಕಿರುಚುವುದನ್ನು ನೀವು ಕೇಳಿರುತ್ತೀರಿ. 1940ರ ದಶಕದಲ್ಲಿ ಅಮೆರಿಕದ ವಿದ್ಯುತ್ ಗಿಟಾರ್ ವಾದಕರನ್ನು ಕಾಡುತ್ತಿದ್ದುದೂ ಇದೇ ತೊಂದರೆ. ಆ ಗಿಟಾರುಗಳ ಒಡಲು ಟೊಳ್ಳು. ಧ್ವನಿವರ್ಧಕದ ಸದ್ದು ಒಡಲಿನ ತೆಳುಹಲಗೆಯನ್ನು ನಡುಗಿಸುತ್ತಿತ್ತು, ಹಲಗೆ ತಂತಿಯನ್ನು ನಡುಗಿಸುತ್ತಿತ್ತು. ಅದೇ ಸದ್ದು ಮತ್ತೆ ಧ್ವನಿವರ್ಧಕಕ್ಕೆ ಹೋಗಿ ಕೂಗಾಗುತ್ತಿತ್ತು.

ಇದಕ್ಕೆ ಪರಿಹಾರ ಹುಡುಕಿದವರಲ್ಲಿ ಕ್ಯಾಲಿಫೋರ್ನಿಯಾದ ಫುಲ್ಲರ್‌ಟನ್ ಊರಿನ ಲಿಯೋ ಫೆಂಡರ್ ಒಬ್ಬರು. ಅವರು ಓದಿದ್ದು ಲೆಕ್ಕಪತ್ರ. 1938ರಲ್ಲಿ ತೆರೆದದ್ದು ರೇಡಿಯೋ ರಿಪೇರಿ ಅಂಗಡಿ. ಗಿಟಾರ್ ನುಡಿಸಲು ಅವರಿಗೆ ಬರುತ್ತಿರಲಿಲ್ಲ!

ವಿದ್ಯುತ್ ಗಿಟಾರಿಗೆ ಟೊಳ್ಳು ಒಡಲು ಬೇಕೇ? ಯೋಚಿಸಿ ನೋಡಿ. ಉಕ್ಕಿನ ತಂತಿಯ ಕೆಳಗೆ ಅಯಸ್ಕಾಂತ, ಅದರ ಸುತ್ತ ತಾಮ್ರದ ತಂತಿಯ ಸುರುಳಿ. ಇದೇ ಪಿಕಪ್. ಉಕ್ಕಿನ ತಂತಿ ಕಂಪಿಸಿದಾಗ ಕಾಂತಕ್ಷೇತ್ರ ಬದಲಾಗಿ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ನೈಲಾನ್ ತಂತಿ ಕಟ್ಟಿದರೆ ಈ ಪಿಕಪ್ ಮೂಕ. ಸದ್ದನ್ನು ದೊಡ್ಡದು ಮಾಡುವ ಕೆಲಸ ಆಂಪ್ಲಿಫೈಯರಿನದು. ಹಾಗಾದರೆ ಒಡಲು ಗಟ್ಟಿ ಮರದ್ದಾಗಿದ್ದರೆ ಸಾಕು. ಕೂಗಿನ ಕಾಟವೂ ಬಹಳ ಕಡಿಮೆ.

1950ರಲ್ಲಿ ಫೆಂಡರ್ ಮಾರುಕಟ್ಟೆಗೆ ತಂದದ್ದು ಇಂಥ ಗಿಟಾರನ್ನೇ. ಅದರ ಕತ್ತನ್ನು ಅಂಟಿನಿಂದ ಕೂಡಿಸದೆ ನಾಲ್ಕು ತಿರುಪುಗಳಿಂದ ಬಿಗಿದಿದ್ದರು. ಕತ್ತು ಕೆಟ್ಟರೆ ಬಿಚ್ಚಿ ಬೇರೆ ಹಾಕಬಹುದು. ರಾತ್ರಿಯ ಕಚೇರಿಯನ್ನೇ ನಂಬಿ ಬದುಕುವ ವಾದಕನಿಗೆ ಇದು ಸಣ್ಣ ಅನುಕೂಲವಲ್ಲ. ರಿಪೇರಿ ಮಾಡಿ ಪಳಗಿದ ಕೈಯ ಯೋಚನೆ ಇದು.

ಹೆಸರಿನ ಕಥೆಯೂ ಸ್ವಾರಸ್ಯವಾಗಿದೆ. ಮೊದಲು ಅದನ್ನು ಬ್ರಾಡ್‌ಕ್ಯಾಸ್ಟರ್ ಎಂದು ಕರೆದರು. ಗ್ರೆಚ್ ಕಂಪನಿಯ ಡ್ರಮ್ಮುಗಳಿಗೆ ಆಗಲೇ ಅದೇ ಉಚ್ಚಾರದ ಹೆಸರಿತ್ತು, ಆಕ್ಷೇಪಣೆ ಬಂತು. 1951ರಲ್ಲಿ ಕೆಲವು ತಿಂಗಳು ಚೀಟಿಯಿಂದ ಆ ಹೆಸರನ್ನು ಕತ್ತರಿಸಿ, 'ಫೆಂಡರ್' ಎಂದಷ್ಟೇ ಅಂಟಿಸಿ ಗಿಟಾರುಗಳನ್ನು ಮಾರಿದರು. ಕೊನೆಗೆ ಅಲ್ಲಿ ಆಗತಾನೇ ಮನೆಮನೆಗೆ ಬರುತ್ತಿದ್ದ ಟೆಲಿವಿಷನ್ನಿನ ಹೆಸರು ನೆರವಿಗೆ ಬಂದು, ಗಿಟಾರು 'ಟೆಲಿಕ್ಯಾಸ್ಟರ್' ಆಯಿತು.

ಇದರಲ್ಲಿ ಎರಡು ಪಿಕಪ್‌ಗಳಿವೆ. ತಂತಿಯ ತುದಿಯಲ್ಲಿ, ಅಂದರೆ ಕುದುರೆಯ ಬಳಿ, ಮೂಲ ಕಂಪನದ ಓಲಾಟ ಕಡಿಮೆ. ಉಪಸ್ವರಗಳ ಪಾಲು ಹೆಚ್ಚು. ಆದ್ದರಿಂದ ಅಲ್ಲಿಯ ಪಿಕಪ್ಪಿನ ನಾದ ಚುರುಕು. ಕತ್ತಿನ ಬಳಿಯದು ದುಂಡು, ಮೃದು. ಒಂದು ಕೊರತೆಯೂ ಉಂಟು. ಸುರುಳಿಗೆ ತಂತಿಯ ಕಂಪನ ಯಾವುದು, ಸುತ್ತಲಿನ ವಿದ್ಯುತ್ ಉಪಕರಣಗಳ ಕಾಂತಕ್ಷೇತ್ರ ಯಾವುದು ಎಂಬ ಭೇದ ತಿಳಿಯದು. ಹೀಗಾಗಿ ಸಣ್ಣ 'ಗುಂಯ್' ಎಂಬ ಸದ್ದೂ ಜೊತೆಗೆ ಬರುತ್ತದೆ.

ಈ ಗಿಟಾರು ಇಂದಿಗೂ ತಯಾರಾಗುತ್ತಿದೆ. ಮುಂದೆಂದಾದರೂ ಇದನ್ನು ನುಡಿಸುವುದನ್ನು ನೋಡಿದಾಗ, ವಾದಕರ ಬೆರಳು ಸ್ವಿಚ್ಚಿನತ್ತ ಹೋಗುವ ಕ್ಷಣಕ್ಕೆ ಕಾದು ಕಿವಿಗೊಡಿ. ತಂತಿ ಅದೇ ಇರುತ್ತದೆ. ನಾದ ಏಕೆ ಬದಲಾಯಿತೆಂದು ಪಕ್ಕದವರಿಗೆ ನೀವೇ ಹೇಳಬಲ್ಲಿರಿ.