ಗಣಕದ ಭಾಷೆ ಯಾರ ಭಾಷೆ?

ಸಾಹಿತ್ಯದ ಅಧ್ಯಾಪಕರಾದ ನನ್ನ ಮಿತ್ರರೊಬ್ಬರು ಈಚೆಗೆ ಒಂದು ಪ್ರಶ್ನೆ ಹಾಕಿದರು: “ನಿಮ್ಮ ಕಂಪ್ಯೂಟರಿನ ಭಾಷೆಗಳನ್ನು ಭಾಷೆ ಎಂದು ಕರೆಯುವುದೇಕೆ? ತಾಯಿ ಮಗುವಿಗೆ ಕಲಿಸದ, ಗಾದೆಯಿಲ್ಲದ, ಕಡೆಗೆ ಒಂದು ಬೈಗುಳವೂ ಇಲ್ಲದ ಭಾಷೆ ಎಂಥ ಭಾಷೆ?” ಮಾತು ವಿನೋದದ್ದು. ಆದರೆ ಅದರ ಹಿಂದೆ ಒಂದು ನಂಬಿಕೆ ಇತ್ತು. ಅವು ಯಂತ್ರದ ಭಾಷೆಗಳು, ಮನುಷ್ಯರಾದ ನಮಗೂ ಅವಕ್ಕೂ ಸಂಬಂಧವಿಲ್ಲ ಎಂಬ ನಂಬಿಕೆ. ಈ ಭಾಷೆಗಳನ್ನು ಕಲಿತು, ಕಲಿಸಿ ಬಾಳಿದ ನನಗೆ ಈ ನಂಬಿಕೆ ತಲೆಕೆಳಗಾದದ್ದು ಎಂದು ತೋರುತ್ತದೆ. ಯಂತ್ರಕ್ಕೆ ಯಾವ ಭಾಷೆಯೂ ಬೇಕಿಲ್ಲ. ವಿದ್ಯುತ್ತು ಹರಿಯುತ್ತಿದೆಯೇ, ಇಲ್ಲವೇ ಎಂಬ ಎರಡು ಸ್ಥಿತಿಗಳೇ ಅದಕ್ಕೆ ಸಾಕು. ಭಾಷೆ ಬೇಕಾದದ್ದು ನಮಗೆ. ಈ ಮಾತಿಗೆ ಗಣಕದ ಚರಿತ್ರೆಯೇ ಸಾಕ್ಷಿ.

ಆ ಚರಿತ್ರೆಯ ಮೊದಲ ಪುಟದಲ್ಲಿ ಒಂದು ಅನುವಾದವಿದೆ. ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ಹಲ್ಲುಚಕ್ರಗಳಿಂದ ನಡೆಯುವ, ಯಾವ ಬಗೆಯ ಲೆಕ್ಕವನ್ನಾದರೂ ಮಾಡಬಲ್ಲ ಒಂದು ಯಂತ್ರವನ್ನು ಕಲ್ಪಿಸಿದ. ಫ್ರಾನ್ಸಿನ ಜಾಕಾರ್ಡ್ ಮಗ್ಗದಲ್ಲಿ ರಂಧ್ರ ಕೊರೆದ ಕಾರ್ಡುಗಳು ರೇಷ್ಮೆಯ ಮೇಲೆ ಹೂಬಳ್ಳಿ ಮೂಡಿಸುತ್ತಿದ್ದಂತೆ, ಇಲ್ಲಿಯೂ ಕಾರ್ಡುಗಳೇ ಆಜ್ಞೆ ಕೊಡಬೇಕಾಗಿತ್ತು. ಯಂತ್ರ ಪೂರ್ಣವಾಗಲಿಲ್ಲ. ಅದನ್ನು ಕುರಿತು ಫ್ರೆಂಚಿನಲ್ಲಿ ಬಂದ ಒಂದು ಲೇಖನವನ್ನು 1843ರಲ್ಲಿ ಇಂಗ್ಲಿಷಿಗೆ ತಂದವಳು ಕವಿ ಬೈರನ್ನನ ಮಗಳು ಏಡಾ ಲವ್‌ಲೇಸ್. ಅವಳು ಸೇರಿಸಿದ ಟಿಪ್ಪಣಿಗಳು ಮೂಲಕ್ಕಿಂತ ಎರಡು ಮೂರು ಪಟ್ಟು ದೊಡ್ಡವಾದವು. ಒಂದು ಗಣಿತಶ್ರೇಣಿಯ ಸಂಖ್ಯೆಗಳನ್ನು ಯಂತ್ರವು ಹಂತಹಂತವಾಗಿ ಹೇಗೆ ಕಂಡುಹಿಡಿಯಬೇಕೆಂಬುದನ್ನು ಅವಳು ಅಲ್ಲಿ ಬರೆದಿಟ್ಟಳು. ಅಡಿಯಲ್ಲಿ ಪೂರ್ಣ ಹೆಸರಿರಲಿಲ್ಲ, ಮೊದಲಕ್ಷರಗಳು ಮಾತ್ರ. ಯಂತ್ರ ಹುಟ್ಟುವ ಮೊದಲೇ, ಅದಕ್ಕೆ ಹೇಳಬೇಕಾದ ಮಾತು ಹೀಗೆ ಹುಟ್ಟಿತ್ತು.

ನೂರು ವರ್ಷ ಕಳೆದ ಮೇಲೆ ಯಂತ್ರ ಬಂತು, ಆದರೆ ಮಾತು ಇನ್ನೂ ಬಂದಿರಲಿಲ್ಲ. 1946ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲೋಕಕ್ಕೆ ತೋರಿಸಿದ ಎನಿಯಾಕ್ ಯಂತ್ರದಲ್ಲಿ ಸುಮಾರು 18,000 ವಾಲ್ವುಗಳಿದ್ದವು. ಹಳೆಯ ರೇಡಿಯೋ ಪೆಟ್ಟಿಗೆಯೊಳಗೆ ಕೆಂಪಗೆ ಬೆಳಗುತ್ತಿದ್ದ ವಾಲ್ವುಗಳನ್ನು ಕಂಡವರಿಗೆ ಆ ಕೋಣೆಯ ಸೆಕೆಯನ್ನು ಊಹಿಸುವುದು ಕಷ್ಟವಲ್ಲ. ಫಿರಂಗಿಯ ಗುಂಡು ಎಲ್ಲಿ ಬೀಳುವುದೆಂದು ಲೆಕ್ಕ ಹಾಕಲು ಕಟ್ಟಿದ ಯಂತ್ರ ಅದು. ಪ್ರತಿ ಹೊಸ ಲೆಕ್ಕಕ್ಕೂ ತಂತಿಗಳನ್ನು ಕಿತ್ತು ಬೇರೆ ಕಡೆ ಸಿಕ್ಕಿಸಬೇಕು, ಸ್ವಿಚ್ಚುಗಳನ್ನು ತಿರುಗಿಸಬೇಕು. ಅದಕ್ಕೇ ದಿನಗಟ್ಟಲೆ ಹಿಡಿಯುತ್ತಿತ್ತು. ಈ ಕೆಲಸ ಮಾಡಿದವರು ಆರು ಮಂದಿ ತರುಣಿಯರು. ಕೈಪಿಡಿಯಿಲ್ಲದೆ, ಯಂತ್ರದ ನಕ್ಷೆಗಳನ್ನು ಓದಿಯೇ ಅದರ ನಡೆಯನ್ನು ಅರಿತವರು. ಪ್ರದರ್ಶನದ ದಿನ ಹೊಗಳಿಕೆಯೆಲ್ಲ ಯಂತ್ರಕ್ಕೂ ಅದನ್ನು ಕಟ್ಟಿದವರಿಗೂ ಸಂದಿತು. ಇವರ ಹೆಸರುಗಳು ಬೆಳಕಿಗೆ ಬರಲು ದಶಕಗಳೇ ಬೇಕಾದವು.

ತಂತಿಯ ಬದಲು ಆಜ್ಞೆಗಳನ್ನೂ ಯಂತ್ರದ ನೆನಪಿನಲ್ಲಿಯೇ ಇಡಬಹುದೆಂಬುದು ಮುಂದಿನ ಹೆಜ್ಜೆ. 1948ರಲ್ಲಿ ಮ್ಯಾಂಚೆಸ್ಟರಿನಲ್ಲಿ, 1949ರಲ್ಲಿ ಕೇಂಬ್ರಿಜಿನಲ್ಲಿ ಅಂಥ ಯಂತ್ರಗಳು ನಡೆದವು. ಕೈಕೆಲಸ ಬರವಣಿಗೆಯಾಯಿತು. ಬರವಣಿಗೆಯ ಜೊತೆಗೆ ತಪ್ಪುಗಳೂ ಬಂದವು. ತನ್ನ ಉಳಿದ ಬಾಳಿನ ಬಹುಪಾಲು ತಾನೇ ಬರೆದ ಕ್ರಮವಿಧಿಗಳ ತಪ್ಪು ಹುಡುಕುವುದರಲ್ಲಿಯೇ ಕಳೆಯುವುದೆಂದು ತನಗೆ ಆಗ ಹೊಳೆಯಿತೆಂದು ಕೇಂಬ್ರಿಜಿನ ಮಾರಿಸ್ ವಿಲ್ಕ್ಸ್ ಮುಂದೆ ನೆನಪಿಸಿಕೊಂಡಿದ್ದಾರೆ.

ಈ ತಪ್ಪುಗಳ ಬಗೆ ಹಳಗನ್ನಡ ಕಾವ್ಯಗಳನ್ನು ಓದುವವರಿಗೆ ಹೊಸದಲ್ಲ. ಒಮ್ಮೆ ಸರಿಯಾಗಿ ಬರೆದ ಆಜ್ಞೆಗಳ ತುಣುಕನ್ನು ಒಬ್ಬರು ಮತ್ತೊಬ್ಬರ ಪುಸ್ತಕದಿಂದ ನಕಲು ಮಾಡಿಕೊಳ್ಳುತ್ತಿದ್ದರು. ಓಲೆಗರಿಯ ಲಿಪಿಕಾರರಂತೆ ಅವರೂ ಒಂದು ಅಕ್ಷರಕ್ಕೆ ಇನ್ನೊಂದನ್ನು ಬರೆಯುತ್ತಿದ್ದರು. ಇದನ್ನು ಕಂಡ ಗ್ರೇಸ್ ಹಾಪರ್ ಎಂಬ ಅಮೆರಿಕದ ಗಣಿತಜ್ಞೆ, ನಕಲು ಮಾಡುವುದಕ್ಕೆ ಯಂತ್ರಕ್ಕಿಂತ ತಕ್ಕವರು ಯಾರೆಂದು ಕೇಳಿಕೊಂಡರು. ಬೇಕಾದ ತುಣುಕುಗಳನ್ನು ತಾನೇ ಆಯ್ದು ಜೋಡಿಸುವ ಕ್ರಮವಿಧಿಯೊಂದನ್ನು 1952ರಲ್ಲಿ ಸಿದ್ಧಪಡಿಸಿದರು. ಅದಕ್ಕೆ ಅವರು ಇಟ್ಟ ಹೆಸರು ಕಂಪೈಲರ್, ಎಂದರೆ ಸಂಕಲನಕಾರ. ಕಂಪ್ಯೂಟರು ಅಂಕಗಣಿತ ಮಾಡೀತೇ ಹೊರತು ಕ್ರಮವಿಧಿ ಬರೆಯಲಾರದೆಂದು ಹಲವರು ನಂಬಲೇ ಇಲ್ಲ.

1957ರಲ್ಲಿ ಜಾನ್ ಬ್ಯಾಕಸ್ ಮತ್ತು ಅವರ ಸಂಗಡಿಗರು ಐಬಿಎಂ ಸಂಸ್ಥೆಯಿಂದ ಫೋರ್ಟ್ರಾನ್ ಭಾಷೆಯನ್ನು ಹೊರತಂದಾಗಲೂ ಇಂಥದೇ ಸಂಶಯ ಎದುರಾಯಿತು. ಗಣಿತದ ಸೂತ್ರವನ್ನು ಹೆಚ್ಚುಕಡಮೆ ಪುಸ್ತಕದಲ್ಲಿರುವಂತೆಯೇ ಬರೆದರೆ, ಯಂತ್ರದ ಆಜ್ಞೆಗಳಿಗೆ ಅದನ್ನು ಅನುವಾದಿಸುವ ಹೊಣೆ ಕಂಪೈಲರಿನದು. ಪಳಗಿದ ಕೈಯ ಬರವಣಿಗೆಯಷ್ಟು ಚುರುಕು ಈ ಅನುವಾದಕ್ಕೆ ಎಲ್ಲಿಂದ ಬಂದೀತು ಎಂದು ಬಲ್ಲವರು ಕೇಳಿದರು. ಆ ಕಾಲದ ಕ್ರಮವಿಧಿಕಾರರು ರಹಸ್ಯ ಕಾಯುವ ಪುರೋಹಿತವರ್ಗದಂತೆ ತಮ್ಮನ್ನು ಭಾವಿಸಿಕೊಂಡಿದ್ದರೆಂದು ಬ್ಯಾಕಸ್ ಮುಂದೆ ಬರೆದರು. ಅನುವಾದ ಚುರುಕಾಗಿಯೇ ಇತ್ತು. ಗರ್ಭಗುಡಿಯ ಬಾಗಿಲು ತೆರೆಯಿತು.

ವ್ಯಾಪಾರ, ಕಚೇರಿಗಳ ಲೆಕ್ಕಕ್ಕೆ ಇಂಗ್ಲಿಷ್ ವಾಕ್ಯಗಳನ್ನು ಹೋಲುವ ಕೊಬಾಲ್ ಬಂತು. 1960ರ ಡಿಸೆಂಬರಿನಲ್ಲಿ ಒಂದೇ ಕೊಬಾಲ್ ಕ್ರಮವಿಧಿ ಎರಡು ಬೇರೆ ಕಂಪನಿಗಳ ಯಂತ್ರಗಳಲ್ಲಿ ನಡೆಯಿತು. ಭಾಷೆ ಯಂತ್ರದ ಆಸ್ತಿಯಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕೆ? ಅದೇ ಸುಮಾರಿಗೆ ಆಲ್ಗಾಲ್ ಭಾಷೆಯ ವ್ಯಾಕರಣವನ್ನು ಸೂತ್ರರೂಪದಲ್ಲಿ ಹೇಳುವ ಪದ್ಧತಿಯನ್ನು ಬ್ಯಾಕಸ್, ಡೆನ್ಮಾರ್ಕಿನ ಪೀಟರ್ ನೌರ್ ರೂಪಿಸಿದರು. ಇಂಥ ಪದ್ಧತಿ ಪಾಣಿನಿಯಲ್ಲಿಯೇ ಇರುವುದರಿಂದ ಅವನ ಹೆಸರನ್ನೂ ಇದಕ್ಕೆ ಸೇರಿಸಬೇಕೆಂದು 1967ರಲ್ಲಿ ಪೀಟರ್ ಇಂಗರ್‌ಮನ್ ಎಂಬವರು ಗಣಕವಿಜ್ಞಾನದ ಪತ್ರಿಕೆಯೊಂದಕ್ಕೆ ಬರೆದರು. ಸಲಹೆ ರೂಢಿಗೆ ಬರಲಿಲ್ಲ. ಗಣಕಕ್ಕೆ ಸಂಸ್ಕೃತವೇ ತಕ್ಕ ಭಾಷೆ ಎಂಬ ಉತ್ಸಾಹದ ಮಾತಿಗೆ ಇದು ಆಧಾರವೂ ಅಲ್ಲ. ಆದರೆ ವೈಯಾಕರಣನೂ ಗಣಕಜ್ಞನೂ ಒಂದೇ ಕಷ್ಟಕ್ಕೆ ಒಂದೇ ಬಗೆಯ ಪರಿಹಾರ ಕಂಡರೆಂಬುದು ಸಣ್ಣ ಸಂಗತಿಯಲ್ಲ.

ನಮ್ಮ ದೇಶದಲ್ಲಿ ಫೋರ್ಟ್ರಾನ್ ಪಾಠ ಕಾನ್ಪುರದ ಐಐಟಿಗೆ 1963ರಲ್ಲಿ ಬಂದ ಐಬಿಎಂ 1620 ಯಂತ್ರದೊಂದಿಗೆ ಹರಡತೊಡಗಿತು. ನಾನು ಅದನ್ನು ಕಲಿತದ್ದು ಹತ್ತು ವರ್ಷಗಳ ಅನಂತರ. ಒಂದು ಕಾರ್ಡಿಗೆ 80 ಅಕ್ಷರ, ಒಂದು ಸಾಲಿಗೆ ಒಂದು ಕಾರ್ಡು. ಕಾರ್ಡುಗಳ ಕಟ್ಟಿಗೆ ರಬ್ಬರ್ ಬ್ಯಾಂಡು ಬಿಗಿದು ಸಂಜೆ ಕಿಟಕಿಯಲ್ಲಿ ಕೊಟ್ಟರೆ ಮರುದಿನ ಉತ್ತರ. ಒಂದು ಅಲ್ಪವಿರಾಮ ತಪ್ಪಿದ್ದರೆ ಉತ್ತರದ ಬದಲು ಆ ತಪ್ಪಿನ ಸುದ್ದಿ. ಮೊದಲ ಅಂಕಣದಲ್ಲಿ ‘ಸಿ’ ಎಂಬ ಅಕ್ಷರ ಹಾಕಿದ ಕಾರ್ಡನ್ನು ಯಂತ್ರ ಗಣನೆಗೆ ತೆಗೆದುಕೊಳ್ಳುತ್ತಿರಲಿಲ್ಲ. ಅದರಲ್ಲಿ ನಮ್ಮ ಮಾತಿನಲ್ಲಿ ವಿವರಣೆ ಬರೆಯಬಹುದಿತ್ತು. ಯಂತ್ರ ಓದದ ಕಾರ್ಡಿಗೆ ಏಕೆ ಶ್ರಮಪಡಬೇಕೆಂದು ನಾನು ಬಿಟ್ಟುಬಿಡುತ್ತಿದ್ದೆ. ಎಂಟು ತಿಂಗಳ ಬಳಿಕ ನನ್ನದೇ ಕ್ರಮವಿಧಿಯನ್ನು ತಿದ್ದಬೇಕಾಗಿ ಬಂದಾಗ ಅದು ನನಗೇ ಅರ್ಥವಾಗಲಿಲ್ಲ. ಯಂತ್ರ ಅದನ್ನು ಎಂದಿನಂತೆ ನಡೆಸುತ್ತಿತ್ತು. ಮೂರು ವಾರ ಕುಳಿತು ಎಲ್ಲವನ್ನೂ ಹೊಸದಾಗಿ ಬರೆದೆ. ಕ್ರಮವಿಧಿಯನ್ನು ಬರೆಯುವುದು ಮುಂದೆ ಓದುವ ಮನುಷ್ಯನಿಗಾಗಿ ಎಂಬ ಪಾಠ ನನಗೆ ದೊರೆತದ್ದು ಹೀಗೆ.

ಇಂದು ನಾವು ಆಡುಮಾತಿನಲ್ಲಿ ಹೇಳಿದರೆ ಯಂತ್ರವೇ ಕ್ರಮವಿಧಿ ಬರೆದುಕೊಡುವಷ್ಟು ಕಾಲ ಮುಂದುವರಿದಿದೆ. ಹಾಪರ್ ಇದ್ದಿದ್ದರೆ ಸಂತೋಷಪಡುತ್ತಿದ್ದರು. ನಾನೂ ಸಂತೋಷಪಡುತ್ತೇನೆ, ಆದರೆ ಒಂದು ಅಳುಕಿನೊಂದಿಗೆ. ಬ್ಯಾಂಕಿನ ಲೆಕ್ಕವೂ ರೈಲಿನ ಸಂಕೇತವೂ ಆಸ್ಪತ್ರೆಯ ಉಪಕರಣವೂ ಇಂಥ ಬರವಣಿಗೆಯ ಮೇಲೆ ನಿಂತಿರುವಾಗ, ಬರೆದದ್ದು ಸರಿಯೇ ಎಂದು ಓದಿ ಹೇಳಬಲ್ಲವರು ನಮ್ಮ ನಡುವೆ ಇರಲೇಬೇಕು. ಅಧ್ಯಾಪಕ ಮಿತ್ರರಿಗೆ ನಾನು ಕೊಟ್ಟ ಉತ್ತರ ಇಷ್ಟೇ: ಈ ಭಾಷೆಗಳಲ್ಲಿ ಬೈಗುಳವಿಲ್ಲವೆಂಬುದು ನಿಜ, ಆದರೆ ಓದುಗನಿಲ್ಲದೆ ಇವೂ ಬಾಳಲಾರವು.