ಪೆರು ದೇಶದ ಪ್ರವಾಸವೂ ದೇಹರಕ್ಷಣೆಯೂ

ದಕ್ಷಿಣ ಅಮೆರಿಕಾ ಖಂಡದ ಪಶ್ಚಿಮ ಕರಾವಳಿಯಲ್ಲಿರುವ ಪೆರು ದೇಶಕ್ಕೆ ಪ್ರವಾಸಿಗಳನ್ನು ಸೆಳೆಯುವುದು ಮುಖ್ಯವಾಗಿ ಮಾಚು ಪಿಚು ಎಂಬ ಶಿಲಾನಗರ. ಹದಿನೈದನೆಯ ಶತಮಾನದಲ್ಲಿ ಇಂಕಾ ಅರಸರು ಆಂಡಿಸ್ ಪರ್ವತದ ನೆತ್ತಿಯ ಮೇಲೆ ಅದನ್ನು ಕಟ್ಟಿಸಿದರು. 1911ರಲ್ಲಿ ಹೈರಂ ಬಿಂಗಮ್ ಎಂಬ ಅಮೆರಿಕದ ವಿದ್ವಾಂಸನು ಹೊರಲೋಕಕ್ಕೆ ಅದರ ಪರಿಚಯ ಮಾಡಿಕೊಟ್ಟಂದಿನಿಂದ ಅದರ ಕೀರ್ತಿಯು ಬೆಳೆಯುತ್ತಲೇ ಇದೆ. ಅಮೆರಿಕದಲ್ಲಿ ನೆಲಸಿರುವ ಮಕ್ಕಳನ್ನು ನೋಡಹೋಗುವ ನಮ್ಮ ನಾಡಿನ ತಾಯಿತಂದೆಗಳೂ ಈಚೆಗೆ ಅತ್ತ ಪಯಣ ಬೆಳೆಸುವುದುಂಟು. ಅಂತಹವರು ಹೊರಡುವ ಮುನ್ನ ಮನೆಮಂದಿಯೆಲ್ಲ ಕೇಳುವ ಪ್ರಶ್ನೆ, "ಅಲ್ಲಿ ಕಳ್ಳಕಾಕರ ಭಯ ಹೇಗೆ?" ಎಂಬುದು. ಪ್ರಶ್ನೆ ಯೋಗ್ಯವಾದುದೇ. ಆದರೆ ನಮ್ಮ ಮತದಲ್ಲಿ ಅದು ಎರಡನೆಯದು. ಮೊದಲು ವಿಚಾರಿಸತಕ್ಕದ್ದು ಎತ್ತರವನ್ನು.

ರಾಜಧಾನಿಯಾದ ಲೀಮಾ ಕಡಲತೀರದಲ್ಲಿದೆ. ಅಲ್ಲಿ ವಿಮಾನವೇರಿದವನು ಸುಮಾರು ಒಂದೂವರೆ ಗಂಟೆಯಲ್ಲಿ ಕುಸ್ಕೊ ನಗರದಲ್ಲಿ ಇಳಿಯುತ್ತಾನೆ. ಕುಸ್ಕೊ 11,000 ಅಡಿಗೂ ಮಿಗಿಲಾದ ಎತ್ತರದಲ್ಲಿದೆ. ಕರ್ಣಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ 6,300 ಅಡಿಗಳಷ್ಟೆಂಬುದನ್ನು ನೆನೆದರೆ ಇದರ ಪ್ರಮಾಣ ಮನಸ್ಸಿಗೆ ಹತ್ತೀತು. ಅಲ್ಲಿ ಒಂದೊಂದು ಉಸಿರಿಗೂ ದೊರೆಯುವ ಪ್ರಾಣವಾಯುವು ಕಡಲತೀರದಲ್ಲಿ ದೊರೆಯುವುದರ ಮೂರರಲ್ಲಿ ಎರಡು ಪಾಲು ಮಾತ್ರ. ದೇಹವು ಇದಕ್ಕೆ ಒಗ್ಗಿಕೊಳ್ಳಬಲ್ಲುದು, ಆದರೆ ಅದಕ್ಕೆ ಕೆಲವು ದಿನಗಳ ಅವಕಾಶ ಬೇಕು. ಆತುರಪಟ್ಟವರಿಗೆ ತಲೆನೋವು, ಓಕರಿಕೆ, ನಿದ್ರಾಭಂಗಗಳು ತೋರುತ್ತವೆ. ಆ ದೇಶದವರು ಈ ಬಾಧೆಯನ್ನು 'ಸೊರೊಚೆ' ಎನ್ನುವರು. ಯೌವನವಾಗಲಿ ದೇಹಬಲವಾಗಲಿ ಇದರಿಂದ ಕಾಪಾಡುವುದಿಲ್ಲ. ವ್ಯಾಯಾಮ ಮಾಡಿ ಮೈ ಬೆಳೆಸಿದ ತರುಣನು ಹಾಸಿಗೆ ಹಿಡಿದಿರುವಾಗ ಅವನ ಅತ್ತೆಯವರು ಪೇಟೆ ಸುತ್ತಿ ಬರುವುದು ಅಸಂಭವವೇನೂ ಅಲ್ಲ!

ಇದಕ್ಕೆ ಸುಲಭವಾದ ಉಪಾಯವೊಂದುಂಟು. ಮಾಚು ಪಿಚು ಕುಸ್ಕೊಗಿಂತ ತಗ್ಗಿನಲ್ಲಿದೆ. ಅದರ ಎತ್ತರ ಸುಮಾರು 8,000 ಅಡಿ. ಆದುದರಿಂದ ಕುಸ್ಕೊದಲ್ಲಿ ಇಳಿದೊಡನೆ ಅಲ್ಲಿ ತಂಗದೆ, ತಗ್ಗಿನಲ್ಲಿರುವ ಉರುಬಾಂಬಾ ಕಣಿವೆಗೆ ಹೋಗಿ ಎರಡು ದಿನ ವಿಶ್ರಮಿಸಿ, ಮಾಚು ಪಿಚುವನ್ನು ನೋಡಿಕೊಂಡು, ಕೊನೆಗೆ ಕುಸ್ಕೊವನ್ನು ನೋಡುವುದು ಲೇಸು. ಮೊದಲ ದಿನ ಮಿತಾಹಾರ, ಮೆಲ್ಲನಡಿಗೆ, ಬೇಕಾದಷ್ಟು ನೀರು. ಮದ್ಯವೂ ನಿದ್ರೆಯ ಗುಳಿಗೆಯೂ ಸರ್ವಥಾ ಬೇಡ. ಅಸೆಟಜೋಲಮೈಡ್ ಎಂಬ ಗುಳಿಗೆಯನ್ನು ಮುಂಚಿತವಾಗಿಯೇ ಸೇವಿಸುವ ಪದ್ಧತಿಯೂ ಇದೆ, ಆದರೆ ಅದನ್ನು ವೈದ್ಯರೇ ಹೇಳಬೇಕು. ಹೃದ್ರೋಗ, ಶ್ವಾಸರೋಗಗಳುಳ್ಳವರು ಊರಿನಲ್ಲಿಯೇ ವೈದ್ಯರನ್ನು ಕಂಡು ಕೇಳಿಕೊಳ್ಳದೆ ಟಿಕೇಟು ಕೊಳ್ಳಬಾರದು. ಸುಮ್ಮನೆ ಕುಳಿತಿರುವಾಗಲೂ ಏದುಸಿರು ಬರುವುದು, ನೊರೆಗೂಡಿದ ಕಫ ಕಾಣುವುದು, ನಡೆಯುವಾಗ ಕಾಲು ತತ್ತರಿಸುವುದು, ಮಾತು ಅಸಂಬದ್ಧವಾಗುವುದು, ಈ ಚಿಹ್ನೆಗಳಲ್ಲಿ ಒಂದು ತೋರಿದರೂ ಅದು ಮರಣಾಂತಿಕವಾಗಬಹುದು. "ಬೆಳಗಾಗಲಿ, ನೋಡೋಣ" ಎಂದು ಕಾಯದೆ ರೋಗಿಯನ್ನು ತಗ್ಗಿನ ಪ್ರದೇಶಕ್ಕೆ ಒಯ್ಯತಕ್ಕದ್ದು. ಹಣ ಕೊಟ್ಟು ಗೊತ್ತುಮಾಡಿದ ಪ್ರವಾಸವು ಕೆಡುವುದೆಂಬ ಸಂಕೋಚದಿಂದ ರೋಗಿಯೇ ಬಾಧೆಯನ್ನು ಮುಚ್ಚಿಡುವುದುಂಟು. ಜೊತೆಯವರು ಇದನ್ನು ಗಮನದಲ್ಲಿಡಬೇಕು.

ಇನ್ನು ಕಳ್ಳರ ವಿಚಾರ. ಲೀಮಾದಲ್ಲಿ ದಾರಿಯಲ್ಲಿ ಕೈಯೆತ್ತಿ ನಿಲ್ಲಿಸಿದ ಟ್ಯಾಕ್ಸಿಯನ್ನು ಏರಬಾರದು. ಪ್ರಯಾಣಿಕನನ್ನು ಅಡ್ಡದಾರಿಗೆ ಒಯ್ದು, ಬೆದರಿಸಿ, ಬ್ಯಾಂಕಿನ ಯಂತ್ರದಿಂದ ಹಣ ತೆಗೆಸಿಕೊಂಡು ಬಿಟ್ಟುಬಿಡುವ ದುಷ್ಟರಿದ್ದಾರೆ. ತಂಗುವ ಹೋಟೆಲಿನವರಿಂದಲೇ ಗಾಡಿಯನ್ನು ಕರೆಯಿಸಿ, ಬಾಡಿಗೆಯನ್ನು ಮೊದಲೇ ಮಾತನಾಡಿಕೊಳ್ಳಬೇಕು, ಏಕೆಂದರೆ ಅಲ್ಲಿಯ ಟ್ಯಾಕ್ಸಿಗಳಲ್ಲಿ ಸಾಮಾನ್ಯವಾಗಿ ಮೀಟರಿರುವುದಿಲ್ಲ. ಮೈಮೇಲೆ ಏನೋ ಚೆಲ್ಲಿ, ಒರೆಸುವ ನೆಪದಿಂದ ಒಬ್ಬನು ಉಪಚರಿಸುತ್ತಿರಲು ಇನ್ನೊಬ್ಬನು ಚೀಲವನ್ನೆತ್ತುವುದು ಹಳೆಯ ತಂತ್ರ. 'ಸೋಲ್' ಎಂಬ ಅಲ್ಲಿಯ ನಾಣ್ಯದ ಖೋಟಾ ನೋಟುಗಳೂ ಹರಿದಾಡುತ್ತವೆ. ಅಂಗಡಿಯವರು ನೋಟನ್ನು ಬೆಳಕಿಗೆ ಹಿಡಿದು ನೋಡುವರು. ನಾವೂ ಹಾಗೆಯೇ ನೋಡಿದರೆ ಯಾರೂ ತಪ್ಪು ತಿಳಿಯರು. ಆಯುಧ ತೋರಿಸಿದವನೊಡನೆ ಸೆಣಸದೆ ಕೇಳಿದ್ದನ್ನು ಕೊಟ್ಟುಬಿಡುವುದೇ ಮೇಲು. ಪೋಲೀಸರನ್ನು ಕರೆಯುವ ಸಂಖ್ಯೆ 105. ಪ್ರವಾಸಿಗಳಿಗಾಗಿ ಪ್ರತ್ಯೇಕ ಪೋಲೀಸು ವಿಭಾಗವೂ ಉಂಟು.

ಮಾಚು ಪಿಚುವಿನ ಬುಡದಲ್ಲಿರುವ ಊರಿಗೆ ಕುಸ್ಕೊದ ಕಡೆಯಿಂದ ನೇರವಾದ ರಸ್ತೆಯಿಲ್ಲ, ರೈಲೇ ಗತಿ. 2010ರ ಜನವರಿಯಲ್ಲಿ ಮಳೆಯಿಂದ ಹಳಿಗಳು ಕೊಚ್ಚಿಹೋದಾಗ ಸಾವಿರಾರು ಪ್ರವಾಸಿಗಳನ್ನು ಹೆಲಿಕಾಪ್ಟರುಗಳಲ್ಲಿ ಸಾಗಿಸಬೇಕಾಯಿತು. 2022ರ ಡಿಸೆಂಬರಿನಲ್ಲಿ ಅಧ್ಯಕ್ಷರಾಗಿದ್ದ ಪೆದ್ರೊ ಕಸ್ತಿಯೊ ಪದಚ್ಯುತರಾದಾಗ ದಂಗೆಗಳೆದ್ದು ಮತ್ತೆ ನೂರಾರು ಮಂದಿ ಅಲ್ಲಿ ಸಿಕ್ಕಿಬಿದ್ದರು. ಆದಕಾರಣ ಮಳೆಗಾಲವಾದ ಡಿಸೆಂಬರ್‌ನಿಂದ ಮಾರ್ಚಿಯವರೆಗಿನ ಅವಧಿಯನ್ನು ಬಿಟ್ಟು, ಮೇ ಮೊದಲ್ಗೊಂಡು ಸೆಪ್ಟೆಂಬರಿನೊಳಗೆ ಹೋಗುವುದು ಹಿತ. ನಿತ್ಯ ಸೇವಿಸುವ ಔಷಧಿಗಳನ್ನು ಒಂದು ವಾರಕ್ಕೆ ಹೆಚ್ಚಾಗಿಯೇ ಒಯ್ಯಬೇಕು.

ಊಟದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಆಲೂಗೆಡ್ಡೆಯ ತವರೇ ಆ ಸೀಮೆ. ಸಸ್ಯಾಹಾರಿಗಳು ಉಪವಾಸ ಬೀಳಲಾರರು. ಆದರೆ ಬರಿಯ "ಮಾಂಸ ಬೇಡ" ಎಂದರೆ ಕೋಳಿಯೋ ಮೀನೋ ಬಂದೀತು, ಅವನ್ನೂ ಹೆಸರುಗೊಂಡು ಬೇಡವೆನ್ನಬೇಕು. ನಲ್ಲಿಯ ನೀರನ್ನು ಕಾಯಿಸದೆ ಕುಡಿಯಬಾರದು.

ಕಡೆಯದಾಗಿ ಎರಡು ಕಾನೂನಿನ ಮಾತುಗಳು. ಪೆರು ದೇಶದಿಂದ ಭಾರತಕ್ಕೆ ಮರಳುವವರ ಬಳಿ ಪೀತಜ್ವರದ ಚುಚ್ಚುಮದ್ದಿನ ಪತ್ರವಿಲ್ಲದಿದ್ದರೆ ಅವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿರಿಸಬಹುದು. ಆ ಚುಚ್ಚುಮದ್ದನ್ನು ಪ್ರಯಾಣಕ್ಕೆ ಹತ್ತು ದಿನಗಳಾದರೂ ಮೊದಲೇ, ಸರಕಾರವು ಅಂಗೀಕರಿಸಿದ ಕೇಂದ್ರದಲ್ಲಿ ಹಾಕಿಸಿಕೊಳ್ಳತಕ್ಕದ್ದು. ಎರಡನೆಯದು, ಕುಸ್ಕೊದ ಹೋಟೆಲುಗಳಲ್ಲಿ ಅತಿಥಿಗಳಿಗೆ ಆದರದಿಂದ ಕೊಡುವ ಕೋಕಾ ಎಲೆಯ ಕಷಾಯ. ಅಲ್ಲಿ ಅದನ್ನು ಕುಡಿಯಲು ಅಡ್ಡಿಯಿಲ್ಲ. ಆದರೆ ಅದೇ ಎಲೆಯಿಂದ ಕೊಕೇನ್ ತಯಾರಾಗುವುದರಿಂದ, ನೆನಪಿಗೆಂದು ಒಂದು ಹಿಡಿ ಎಲೆಯನ್ನು ಪೆಟ್ಟಿಗೆಯಲ್ಲಿಟ್ಟು ತಂದರೂ ಭಾರತದ 1985ರ ಮಾದಕದ್ರವ್ಯ ಕಾಯಿದೆಯ ಮೇರೆಗೆ ಅದು ಅಪರಾಧ. ಅಮೆರಿಕದ ಸುಂಕದಕಟ್ಟೆಯಲ್ಲಿಯೂ ಅದಕ್ಕೆ ಮಾಫಿಯಿಲ್ಲ.