ಅಧ್ಯಾಯ 4: ಕೂಡಿಬಂದ ಕೋಣೆ

ಗೃಹಪ್ರವೇಶ ಮುಗಿದು, ನೆಂಟರೆಲ್ಲ ಊರಿಗೆ ಹೊರಟ ಮೇಲೆ ಅನೇಕ ಮನೆಗಳಲ್ಲಿ ಒಂದು ಮಾತು ಏಳುತ್ತದೆ: "ಎಲ್ಲಾ ಇದೆ, ಆದ್ರೂ ಹಾಲ್ ಯಾಕೋ ಭಣಭಣ ಅನ್ನುತ್ತೆ." ಸೋಫಾ ಬಂದಿದೆ, ಟೀಪಾಯಿ ಬಂದಿದೆ, ಟಿ.ವಿ. ಗೋಡೆಗೇರಿದೆ, ಶೋಕೇಸ್ ತುಂಬಿದೆ. ಇನ್ನೂ ಏನೋ ಕೊಳ್ಳುವುದು ಬಾಕಿಯಿದೆ ಎಂದುಕೊಂಡು ಮತ್ತೆ ಅಂಗಡಿಗೆ ಹೋಗುತ್ತೇವೆ. ಇನ್ನೊಂದು ಮೂಲೆ ತುಂಬುತ್ತದೆ, ಭಣಭಣ ಹಾಗೇ ಉಳಿಯುತ್ತದೆ.

ಬಾಗಿಲಲ್ಲಿ ನಿಂತು ನೋಡುವವರ ಕಣ್ಣಿಗಾಗಿ ಕೋಣೆಯನ್ನು ಜೋಡಿಸಿದಾಗ ಹೀಗಾಗುತ್ತದೆ. ಕೋಣೆಯನ್ನು ಒಳಗೆ ಕೂತವರ ಕಡೆಯಿಂದ ಜೋಡಿಸಬೇಕು. ಕೂತ ಪ್ರತಿಯೊಬ್ಬರಿಗೂ ಮೂರು ಅನುಕೂಲ ಇರಬೇಕು: ಮಾತಾಡಲು ಎದುರಿಗೊಂದು ಮುಖ, ಕಾಫಿ ಲೋಟ ಇಡಲು ಕೈಗೆಟುಕುವ ಜಾಗ, ಓದಲು ಸಾಲುವ ಬೆಳಕು. ಈ ಮೂರೂ ಒದಗಿದರೆ ಹಳೆಯ ಬೆತ್ತದ ಕುರ್ಚಿಗಳ ಕೋಣೆಯೂ ಪೂರ್ತಿಯಾಗಿ ಕಾಣುತ್ತದೆ. ಒದಗದಿದ್ದರೆ ಲಕ್ಷ ರೂಪಾಯಿಯ ಸೋಫಾ ಕೂಡ ಅಂಗಡಿಯಿಂದ ಈಗಷ್ಟೇ ಇಳಿಸಿದ ಹಾಗೆ ಕಾಣುತ್ತದೆ.

ಗೋಡೆಗೆ ಅಂಟಿದ ಕುರ್ಚಿಗಳು

ನಮ್ಮ ಬಹುಪಾಲು ಹಾಲ್‌ಗಳಲ್ಲಿ ಸಾಮಾನೆಲ್ಲ ಗೋಡೆಗೆ ಬೆನ್ನು ಕೊಟ್ಟು ನಿಂತಿರುತ್ತದೆ. ಹಳೆಯ ಮನೆಗಳ ಪಡಸಾಲೆಯಲ್ಲಿ ನಡು ಖಾಲಿ ಇರಲೇಬೇಕಿತ್ತು. ಅಕ್ಕಿ ಆರಿಸುವುದು, ಹೂ ಕಟ್ಟುವುದು, ಪಂಕ್ತಿಗೆ ಎಲೆ ಹಾಕುವುದು, ರಾತ್ರಿ ಚಾಪೆ ಬಿಚ್ಚುವುದು ಎಲ್ಲ ಅಲ್ಲೇ. ನೆಲದ ಮೇಲೆ ಕೂತವರು ಮಾತಿಗೆ ತಕ್ಕಂತೆ ಹತ್ತಿರ ಸರಿಯುತ್ತಿದ್ದರು, ಗೋಡೆಗೋ ಕಂಬಕ್ಕೋ ಒರಗುತ್ತಿದ್ದರು. ಭಾರದ ಸೋಫಾ ಬಂದ ಮೇಲೆ ಆ ಸರಿದಾಟ ನಿಂತಿತು. ನಡು ಖಾಲಿ ಬಿಡುವ ರೂಢಿ ಮಾತ್ರ ಉಳಿಯಿತು.

ಗೋಡೆಯುದ್ದಕ್ಕೂ ಕುರ್ಚಿ ಜೋಡಿಸಿದರೆ ಮಾತು ಎಷ್ಟು ಕಡಿಮೆಯಾಗುತ್ತದೆ ಎಂಬುದಕ್ಕೆ ಒಳ್ಳೆಯ ಪುರಾವೆಯಿದೆ. 1950ರ ದಶಕದಲ್ಲಿ ಕೆನಡಾದ ಸಾಸ್ಕಾಚೆವಾನ್ ಪ್ರಾಂತ್ಯದ ಒಂದು ಆಸ್ಪತ್ರೆಯಲ್ಲಿ ವಯಸ್ಸಾದ ಮಹಿಳೆಯರ ವಾರ್ಡನ್ನು ಹೊಸದಾಗಿ ಅಂದಗೊಳಿಸಿದ್ದರು. ಹೊಸ ಕುರ್ಚಿಗಳು ಬಂದಿದ್ದವು, ಕೋಣೆ ಬೆಳಗುತ್ತಿತ್ತು. ಆದರೆ ಅಲ್ಲಿದ್ದವರು ಗಂಟೆಗಟ್ಟಲೆ ಪಕ್ಕಪಕ್ಕದಲ್ಲೇ ಕೂತು ಒಬ್ಬರೊಂದಿಗೊಬ್ಬರು ಮಾತಾಡುತ್ತಿರಲಿಲ್ಲ. ಮನಶ್ಶಾಸ್ತ್ರಜ್ಞ ರಾಬರ್ಟ್ ಸಾಮರ್ ಮತ್ತು ಅವರ ಸಹೋದ್ಯೋಗಿಗಳು ಗಮನಿಸಿದ್ದು ಕುರ್ಚಿಗಳ ಸಾಲನ್ನು. ಪಕ್ಕದವರ ಮುಖ ನೋಡಬೇಕಾದರೆ ಮೈ ತಿರುಗಿಸಬೇಕಿತ್ತು, ಎದುರಿನವರು ದೂರದಲ್ಲಿದ್ದರು. ಸಂಶೋಧಕರು ಸಣ್ಣ ಮೇಜುಗಳನ್ನು ತರಿಸಿ ಕುರ್ಚಿಗಳನ್ನು ಅವುಗಳ ಸುತ್ತ ಇರಿಸಿದರು. ಮೊದಮೊದಲು ಆ ಮಹಿಳೆಯರಿಗೆ ಇದು ಹಿಡಿಸಲಿಲ್ಲ. ಕೆಲವು ವಾರ ಕಳೆದ ಮೇಲೆ ಎಣಿಸಿದಾಗ ಮಾತುಕತೆ ಹೆಚ್ಚುಕಡಿಮೆ ಇಮ್ಮಡಿಯಾಗಿತ್ತು. ಜನ ಅವರೇ, ಕೋಣೆ ಅದೇ. ಬದಲಾದದ್ದು ಕುರ್ಚಿಗಳ ಜಾಗ ಮತ್ತು ನಡುವೆ ಬಂದ ಮೇಜು.

ಎಷ್ಟು ಹತ್ತಿರ ಇರಬೇಕು? ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1966ರ ತಮ್ಮ ಪುಸ್ತಕದಲ್ಲಿ, ಪರಿಚಿತರು ಸಲೀಸಾಗಿ ಮಾತಾಡುವ ದೂರ ಸುಮಾರು 4ರಿಂದ 7 ಅಡಿ ಎಂದು ಗುರುತಿಸಿದರು. ಈ ಅಂತರ ಸಂಸ್ಕೃತಿಯಿಂದ ಸಂಸ್ಕೃತಿಗೆ ಬದಲಾಗುತ್ತದೆ ಎಂದೂ ಹೇಳಿದರು. ನಮ್ಮ ಮನೆಗಳಲ್ಲಿ ಜನ ಇನ್ನೂ ಒತ್ತಾಗಿಯೇ ಕೂರುತ್ತಾರೆ. ಹೀಗಿರುವಾಗ 12 ಅಡಿ ಅಗಲದ ಹಾಲ್‌ನ ಎರಡು ಬದಿಗಳಿಂದ, ನಡುವೆ ಓಡಾಡುವವರ ತಲೆಗಳ ಮೇಲಿಂದ, ನೆಂಟರನ್ನು ಗಟ್ಟಿದನಿಯಲ್ಲಿ ವಿಚಾರಿಸಿಕೊಳ್ಳುವುದು ಏನು ಚೆಂದ?

ಮೊದಲು ದಾರಿ, ಆಮೇಲೆ ಸೋಫಾ

ಸಾಮಾನು ಇಡುವ ಮುನ್ನ ಕಾಲುಗಳ ದಾರಿ ಗುರುತಿಸಿ. ತಲೆಬಾಗಿಲಿನಿಂದ ಅಡುಗೆಮನೆಗೆ, ಮಲಗುವ ಕೋಣೆಯಿಂದ ಬಚ್ಚಲಿಗೆ, ಬಾಲ್ಕನಿಗೆ ಬಟ್ಟೆ ಒಣಹಾಕಲು ಜನ ಎಲ್ಲಿ ನಡೆಯುತ್ತಾರೆ? ಮುಖ್ಯ ದಾರಿಗೆ 3 ಅಡಿ ಬಿಡಬೇಕು. ಎರಡು ಕುರ್ಚಿಗಳ ನಡುವೆ ನುಸುಳುವ ಕಡೆ 2 ಅಡಿ ಸಾಕು. ದಾರಿ ಮಾತಿನ ಗುಂಪಿನ ನಡುವೆ ಹಾದುಹೋಗದೆ ಅದರ ಬದಿಯಲ್ಲಿ ಹೋಗಬೇಕು. ಈ ಒಂದು ನಿಯಮ ಪಾಲಿಸಿದರೆ ಅರ್ಧ ಕೆಲಸ ಮುಗಿದಂತೆ.

ಒಂದು ಸಾಮಾನ್ಯ ಹಾಲ್ ತೆಗೆದುಕೊಳ್ಳೋಣ: 12 ಅಡಿ ಅಗಲ, 16 ಅಡಿ ಉದ್ದ. ತಲೆಬಾಗಿಲು ಮುಂದಿನ ಗೋಡೆಯ ಎಡತುದಿಯಲ್ಲಿ, ಒಳಗಿನ ಕೋಣೆಗಳಿಗೆ ಹೋಗುವ ಬಾಗಿಲು ಹಿಂದಿನ ಗೋಡೆಯ ಎಡತುದಿಯಲ್ಲಿ, ಕಿಟಕಿ ಬಲಗೋಡೆಗೆ. ಸಾಮಾನ್ಯವಾಗಿ ಇಲ್ಲಿ ದೊಡ್ಡ ಸೋಫಾ ಬಲಗೋಡೆಗೆ, ಒಂಟಿ ಸೋಫಾಗಳು ಎಡಗೋಡೆಗೆ ಸೇರುತ್ತವೆ. ದಾರಿ ನಟ್ಟನಡುವೆ ಬೀಳುತ್ತದೆ. ಟೀಪಾಯಿ ಯಾರ ಕೈಗೂ ಸಿಗದೆ ಒಂಟಿಯಾಗಿ ನಿಲ್ಲುತ್ತದೆ.

ಈಗ ಎಡಗೋಡೆಯುದ್ದಕ್ಕೂ 3 ಅಡಿಯ ದಾರಿ ಬಿಡೋಣ. ಉಳಿದದ್ದು 9 ಅಡಿ ಅಗಲ. ಟಿ.ವಿ. ಮುಂದಿನ ಗೋಡೆಗೆ, ತಲೆಬಾಗಿಲಿನ ಪಕ್ಕಕ್ಕೆ ಹೋಗಲಿ. ಅಲ್ಲಿಂದ 8 ಅಡಿ ಬಿಟ್ಟು ಆರೂವರೆ ಅಡಿಯ ದೊಡ್ಡ ಸೋಫಾವನ್ನು ಟಿ.ವಿ.ಗೆ ಮುಖಮಾಡಿ ಅಡ್ಡಲಾಗಿ ಹಾಕಿ. ಸೋಫಾದ ಬೆನ್ನು ಈಗ ಹಾಲ್‌ನ ನಡುವೆ ಇರುತ್ತದೆ. ಮೊದಲ ನೋಟಕ್ಕೆ ಧೈರ್ಯ ಸಾಲದು, ಆದರೆ ಆ ಬೆನ್ನೇ ಒಂದು ಗಿಡ್ಡ ಗೋಡೆಯ ಕೆಲಸ ಮಾಡುತ್ತದೆ. ಅದರ ಹಿಂದೆ ಉಳಿಯುವ 5 ಅಡಿಯಲ್ಲಿ ನಾಲ್ವರ ಊಟದ ಮೇಜಿನ ಉದ್ದಬದಿಯನ್ನು ಹಿಂದಿನ ಗೋಡೆಗೆ ತಾಗಿಸಿ ಇಡಬಹುದು. ಕಿಟಕಿಯ ಕೆಳಗೆ ಒಂದು ಒಂಟಿ ಸೋಫಾ, ದಾರಿಯ ಕಡೆ ಬೆನ್ನು ಹಾಕಿದ ಒಂದು ಹಗುರ ಬೆತ್ತದ ಕುರ್ಚಿ, ನಡುವೆ ಟೀಪಾಯಿ. ಕಿಟಕಿಯ ಬೆಳಕು ಪಕ್ಕದಿಂದ ಬರುವುದರಿಂದ ಟಿ.ವಿ. ಪರದೆಯ ಮೇಲೆ ಹೊಳಪು ಕಡಿಮೆ. ಅಡುಗೆಮನೆಯಿಂದ ನೀರು ತರುವವರು ಯಾರ ಮಾತನ್ನೂ ತುಂಡರಿಸದೆ ಬದಿಯಿಂದ ಬಂದುಹೋಗುತ್ತಾರೆ.

ನಿಮ್ಮ ಹಾಲ್ 10 ಅಡಿ ಅಗಲದ್ದಾದರೆ ಸೋಫಾ ಗೋಡೆಯ ಬಳಿಯೇ ಇರಬೇಕಾಗಬಹುದು. ಆಗಲೂ ಒಂದು ಕುರ್ಚಿಯನ್ನು ಗೋಡೆಯಿಂದ ಬಿಡಿಸಿ ಸೋಫಾದತ್ತ ಓರೆಯಾಗಿ ತಿರುಗಿಸಿ. ಗೋಡೆಗೂ ಸೋಫಾಗೂ ನಡುವೆ ನಾಲ್ಕು ಬೆರಳಾದರೂ ಸಂದು ಇರಲಿ. ಮಲೆನಾಡು ಮತ್ತು ಕರಾವಳಿಯ ಮಳೆಗಾಲದಲ್ಲಿ ಈ ಸಂದು ಇನ್ನೂ ಅಗಲವಿರಬೇಕು. ಗಾಳಿಯಾಡದ ಕಡೆ ಬಟ್ಟೆಗೂ ಮರಕ್ಕೂ ಬೂಷ್ಟು ಹಿಡಿಯುತ್ತದೆ, ಗೆದ್ದಲು ಬಂದರೂ ತಡವಾಗಿ ಗೊತ್ತಾಗುತ್ತದೆ.

ಕೈಗೆಟುಕುವ ಅಳತೆಗಳು

ಸೋಫಾದ ಅಂಚಿಗೂ ಟೀಪಾಯಿಗೂ ನಡುವೆ 12ರಿಂದ 18 ಅಂಗುಲ ಇರಬೇಕು. ಕಡಿಮೆಯಾದರೆ ಮೊಣಕಾಲು ತಗಲುತ್ತದೆ, ಹೆಚ್ಚಾದರೆ ಲೋಟ ಇಡಲು ಎದ್ದು ಬಾಗಬೇಕು. ಟೀಪಾಯಿಯ ಎತ್ತರ ಸೋಫಾದ ಆಸನದಷ್ಟೇ ಅಥವಾ ಒಂದೆರಡು ಅಂಗುಲ ತಗ್ಗಾಗಿರಲಿ. ಉದ್ದ ಸೋಫಾದ ಉದ್ದದ ಮೂರರಲ್ಲಿ ಎರಡು ಪಾಲು ಇದ್ದರೆ ಎರಡೂ ಜೊತೆಯಾಗಿ ಕಾಣುತ್ತವೆ.

ಕೂರುವ ಎತ್ತರ ಸಾಮಾನ್ಯವಾಗಿ 16ರಿಂದ 18 ಅಂಗುಲ. ಮನೆಯಲ್ಲಿ ಮಂಡಿನೋವಿನ ಹಿರಿಯರಿದ್ದರೆ ಕನಿಷ್ಠ ಒಂದು ಆಸನವಾದರೂ 18ಕ್ಕಿಂತ ತುಸು ಎತ್ತರವಿದ್ದು, ಕೈ ಊರಿ ಏಳಲು ಗಟ್ಟಿ ತೋಳುಗಳಿರಬೇಕು. ಇಂದಿನ ತಗ್ಗು, ಮೆತ್ತನೆಯ ಸೋಫಾಗಳಲ್ಲಿ ಅಜ್ಜಿ ಕೂತರೆ ಏಳಿಸಲು ಇನ್ನೊಬ್ಬರು ಬೇಕು. ಅಂಥ ಮನೆಯಲ್ಲಿ ಅಜ್ಜಿ ಕೊನೆಗೆ ಊಟದ ಕುರ್ಚಿಯಲ್ಲಿ, ಗುಂಪಿನಾಚೆ, ಒಬ್ಬರೇ ಕೂರುತ್ತಾರೆ. ಆ ಎತ್ತರದ ಕುರ್ಚಿಯನ್ನು ಗುಂಪಿನೊಳಗೆ, ಒಳ್ಳೆಯ ಬೆಳಕಿನ ಜಾಗದಲ್ಲೇ ಇಡುವುದು ಮನೆಯವರ ಕರ್ತವ್ಯ.

ಊಟದ ಮೇಜಿನಲ್ಲಿ ಒಬ್ಬರಿಗೆ 2 ಅಡಿ ಅಗಲ ಬೇಕು. ಕುರ್ಚಿ ಎಳೆದು ಏಳಲು ಮೇಜಿನ ಅಂಚಿನಿಂದ ಎರಡೂವರೆಯಿಂದ ಮೂರು ಅಡಿ ಬಿಡಬೇಕು. ಟಿ.ವಿ.ಯ ನಡುಭಾಗ ಕೂತವರ ಕಣ್ಣಿನ ಮಟ್ಟಕ್ಕೆ, ಅಂದರೆ ನೆಲದಿಂದ ಸುಮಾರು ಮೂರೂವರೆ ಅಡಿಗೆ ಬರಲಿ. ಶೋಕೇಸಿನ ಮೇಲೆ ಏರಿಸಿದ ಟಿ.ವಿ. ಕತ್ತುನೋವು ತರುತ್ತದೆ.

ನೆಲ, ಗೋಡೆ, ಕಿಟಕಿ

ಸೋಫಾ, ಕುರ್ಚಿ, ಟೀಪಾಯಿ ಒಂದೇ ಗುಂಪು ಎಂದು ಕಣ್ಣಿಗೆ ಹೇಳುವುದು ನೆಲದ ಹಾಸು. ಟೀಪಾಯಿಯ ಕೆಳಗೆ ಮಾತ್ರ ಹಾಕಿದ ಪುಟ್ಟ ಕಾರ್ಪೆಟ್ಟಿನಿಂದ ಈ ಕೆಲಸ ಆಗದು. ಸೋಫಾ ಮತ್ತು ಕುರ್ಚಿಗಳ ಮುಂಗಾಲುಗಳಾದರೂ ಹಾಸಿನ ಮೇಲೆ ಬರಬೇಕು. ನಮ್ಮ ಧೂಳಿಗೆ, ಬರಿಗಾಲಿನ ಓಡಾಟಕ್ಕೆ, ದಿನಾ ನೆಲ ಒರೆಸುವ ಪದ್ಧತಿಗೆ ದಪ್ಪ ಎಳೆಗಳ ಕಾರ್ಪೆಟ್ಟಿಗಿಂತ ಜಮಖಾನ ಒಪ್ಪುತ್ತದೆ. ಧಾರವಾಡ ಜಿಲ್ಲೆಯ ನವಲಗುಂದದಲ್ಲಿ ಮಹಿಳೆಯರು ನೇಯುವ ಜಮಖಾನಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಇದೆ. ಅವುಗಳ ಗಾಢ ಬಣ್ಣ, ಚೌಕ ಚೌಕದ ವಿನ್ಯಾಸ ಬಿಳಿ ಟೈಲ್ಸ್ ನೆಲದ ಮೇಲೆ ಎದ್ದು ಕಾಣುತ್ತವೆ. ಕೊಡವಿ ಬಿಸಿಲಿಗೆ ಹಾಕುವುದೂ ಸುಲಭ.

ಗೋಡೆಯ ಚಿತ್ರಗಳಲ್ಲಿ ನಾವು ಮಾಡುವ ಸಾಮಾನ್ಯ ತಪ್ಪು ಎತ್ತರದ್ದು. ಬಾಗಿಲಿನ ಲಿಂಟಲ್ ಮಟ್ಟ 7 ಅಡಿ. ಫೋಟೊಗಳನ್ನು ಅದಕ್ಕೂ ಮೇಲೆ ಸಾಲಾಗಿ ನೇತುಹಾಕುತ್ತೇವೆ. ಹಾರ ಬದಲಿಸಲು ಸ್ಟೂಲ್ ಬೇಕು, ಮುಖ ನೋಡಲು ಕತ್ತೆತ್ತಬೇಕು. ಚಿತ್ರದ ನಡುಭಾಗ ನೆಲದಿಂದ ಸುಮಾರು 5 ಅಡಿಗೆ ಬಂದರೆ ನಿಂತವರಿಗೂ ಕೂತವರಿಗೂ ಹಿತ. ತಾತ, ಮುತ್ತಜ್ಜಿಯ ಫೋಟೊ ಈ ಎತ್ತರಕ್ಕೆ ಇಳಿದರೆ ಮಕ್ಕಳು ಅವರ ಮುಖ ನಿಜವಾಗಿ ನೋಡುತ್ತಾರೆ. ಸೋಫಾದ ಮೇಲಿನ ಚಿತ್ರ ಅದರ ಬೆನ್ನಿನಿಂದ 6ರಿಂದ 8 ಅಂಗುಲ ಮೇಲಿರಲಿ. ಹಲವು ಚಿಕ್ಕ ಫ್ರೇಮುಗಳಿದ್ದರೆ ನಡುವೆ ಎರಡು ಮೂರು ಅಂಗುಲವಷ್ಟೇ ಬಿಟ್ಟು ಗುಂಪಾಗಿ ಹಾಕಿ. ದೂರ ದೂರ ಚದುರಿದರೆ ಗೋಡೆ ಹರಕಲಾಗಿ ಕಾಣುತ್ತದೆ.

ಪರದೆಯ ರಾಡನ್ನು ಕಿಟಕಿಯ ಚೌಕಟ್ಟಿಗಿಂತ 4ರಿಂದ 6 ಅಂಗುಲ ಮೇಲೆ, ಎರಡೂ ಕಡೆ 6ರಿಂದ 8 ಅಂಗುಲ ಹೊರಗೆ ಚಾಚಿ ಹಾಕಿಸಿ. ಪರದೆ ಸರಿಸಿದಾಗ ಗಾಜು ಪೂರ್ತಿ ತೆರೆಯುತ್ತದೆ, ಕಿಟಕಿ ದೊಡ್ಡದಾಗಿ ಕಾಣುತ್ತದೆ. ಪರದೆ ನೆಲಕ್ಕೆ ಅರ್ಧ ಅಂಗುಲ ಇರುವಲ್ಲಿಗೆ ನಿಂತರೆ ಒರೆಸುವ ಬಟ್ಟೆಯ ನೀರು ತಾಗುವುದಿಲ್ಲ. ಕಿಟಕಿಯ ಅರ್ಧಕ್ಕೇ ನಿಂತ ಗಿಡ್ಡ ಪರದೆ ಅಡುಗೆಮನೆಗೆ ಸರಿ, ಹಾಲ್‌ಗಲ್ಲ.

ಬೆಳಕಿನ ಜಾಗ

ಹಾಲ್‌ಗೆ ಒಂದು ಟ್ಯೂಬ್‌ಲೈಟ್ ಎಂಬ ಲೆಕ್ಕದಲ್ಲೇ ಎಷ್ಟೋ ಮನೆಗಳು ನಿಂತಿವೆ. ಒಂದೇ ಕಡೆಯಿಂದ ಚೆಲ್ಲುವ ಬಿಳಿ ಬೆಳಕಿನಲ್ಲಿ ಗೋಡೆ, ಮುಖ, ಮರದ ಕೆತ್ತನೆ ಎಲ್ಲವೂ ಒಂದೇ ಮಟ್ಟದಲ್ಲಿ ಸಪ್ಪೆಯಾಗುತ್ತವೆ. ಬಲ್ಬಿನ ಡಬ್ಬಿಯ ಮೇಲೆ ಕೆಲ್ವಿನ್ ಸಂಖ್ಯೆ ಬರೆದಿರುತ್ತದೆ. 6500 ಎಂದರೆ ನೀಲಿಛಾಯೆಯ ಬಿಳಿ. 2700ರಿಂದ 3000 ಎಂದರೆ ಹಳದಿಛಾಯೆಯ ಬೆಚ್ಚನೆ ಬೆಳಕು. ಲೆಕ್ಕಪತ್ರಕ್ಕೆ, ಮಕ್ಕಳ ಹೋಂವರ್ಕಿಗೆ ಟ್ಯೂಬ್‌ಲೈಟ್ ಇರಲಿ. ಸಂಜೆಯ ಹರಟೆಗೆ ಸೋಫಾದ ಪಕ್ಕ ಒಂದು ನಿಲುದೀಪ, ಎದುರು ಮೂಲೆಯಲ್ಲಿ ಒಂದು ಮೇಜುದೀಪ, ಎರಡರಲ್ಲೂ ಬೆಚ್ಚನೆಯ ಎಲ್ಇಡಿ ಬಲ್ಬು ಇದ್ದರೆ ಸಾಕು. ಒಂದೇ ಹೊತ್ತಿನಲ್ಲಿ ಉರಿಯುವ ದೀಪಗಳ ಛಾಯೆ ಒಂದೇ ಆಗಿರಲಿ. ಊಟದ ಮೇಜಿನ ಮೇಲೆ ತೂಗುದೀಪ ಹಾಕಿಸುವುದಾದರೆ ಮೇಜಿನಿಂದ ಸುಮಾರು 30 ಅಂಗುಲ ಎತ್ತರ ಸರಿ. ಸೋಫಾದ ಜಾಗ ನಿಶ್ಚಯಿಸುವಾಗಲೇ ಪ್ಲಗ್ ಪಾಯಿಂಟ್ ಎಲ್ಲಿದೆ ನೋಡಿಕೊಳ್ಳಿ. ದಾರಿಗೆ ಅಡ್ಡಬಿದ್ದ ವೈರು ಎಡವಿಸುತ್ತದೆ.

ಶೋಕೇಸಿಗೆ ಉಸಿರು

ಶೋಕೇಸಿನಲ್ಲಿ ಶಾಲೆಯ ಕಪ್ಪುಗಳು, ಮದುವೆಯ ಉಡುಗೊರೆಗಳು, ಚನ್ನಪಟ್ಟಣದ ಗೊಂಬೆಗಳು, ಪ್ರವಾಸದಿಂದ ತಂದ ಶಂಖ ಎಲ್ಲ ಒತ್ತೊತ್ತಾಗಿ ನಿಂತಿರುತ್ತವೆ. ಎಲ್ಲವನ್ನೂ ಹೊರಗೆ ತೆಗೆದು, ಮೂರರಲ್ಲಿ ಎರಡು ಪಾಲನ್ನು ಮಾತ್ರ ಮರಳಿ ಇಡಿ. ಉಳಿದದ್ದನ್ನು ಡಬ್ಬಿಯಲ್ಲಿಟ್ಟು, ಹಬ್ಬಕ್ಕೆ ಹಬ್ಬಕ್ಕೆ ಬದಲಿಸಿ. ಎತ್ತರದ ಒಂದು, ನಡುವಿನ ಒಂದು, ಗಿಡ್ಡ ಒಂದು ಹೀಗೆ ಮೂರರ ಗುಂಪು ಮಾಡಿದರೆ ಕಣ್ಣು ನಿಲ್ಲುತ್ತದೆ.

ಹಿನ್ನೆಲೆಯ ಬಣ್ಣ ನೋಡಿ. ಬೀದರಿನ ಬಿದರಿ ಹೂದಾನಿಯ ಮೈ ಕಪ್ಪು, ಅದರ ಮೇಲಿನ ಬೆಳ್ಳಿಯ ಬಳ್ಳಿ ಕೂದಲೆಳೆಯಷ್ಟು ಸಣ್ಣ. ಗಾಢ ಕಂದು ಲ್ಯಾಮಿನೇಟಿನ ಕಪಾಟಿನಲ್ಲಿ ಅದು ಮರೆಯಾಗಿಬಿಡುತ್ತದೆ. ಅದನ್ನೇ ಕೆನೆಬಣ್ಣದ ಗೋಡೆಯ ಮುಂದೆ, ಪಕ್ಕದಿಂದ ಬೆಳಕು ಬೀಳುವ ಕಡೆ ಇಡಿ. ಆಗ ಕುಶಲಕರ್ಮಿ ಕೊರೆದು ಬೆಳ್ಳಿ ಕೂರಿಸಿದ ಒಂದೊಂದು ಎಲೆಯೂ ಕಾಣುತ್ತದೆ. ಅಷ್ಟು ಶ್ರಮದ ವಸ್ತುವಿಗೆ ಸುತ್ತ ಒಂದು ಗೇಣು ಖಾಲಿ ಜಾಗ ಕೊಡುವುದು ಅದಕ್ಕೆ ಸಲ್ಲಿಸುವ ಗೌರವ.

ಹಬ್ಬಕ್ಕೆ ಬಿಚ್ಚುವ ಕೋಣೆ

ನಮ್ಮ ಮನೆಗಳು ವರ್ಷದಲ್ಲಿ ಹಲವು ಸಲ ಮೈ ಬದಲಿಸುತ್ತವೆ. ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರೆಯ ಗೊಂಬೆ ಕೂರಿಸುವುದು, ನಾಮಕರಣ, ಆರತಿ: ಇವಕ್ಕೆ ಹಾಲ್‌ನ ನಡು ಖಾಲಿಯಾಗಬೇಕು, ಜನ ನೆಲದ ಮೇಲೆ ಕೂರಬೇಕು. ಆದ್ದರಿಂದ ದೊಡ್ಡ ಸೋಫಾ ಒಂದೇ ಇರಲಿ, ಉಳಿದದ್ದು ಇಬ್ಬರು ಎತ್ತುವಷ್ಟು ಹಗುರವಿರಲಿ. ಭಾರೀ ಗಾಜಿನ ಟೀಪಾಯಿಯ ಬದಲು ಒಂದರೊಳಗೊಂದು ಸೇರುವ ಎರಡು ಮೂರು ಸಣ್ಣ ಮೇಜುಗಳು ಉಪಯುಕ್ತ. ಎರಡು ಬೆತ್ತದ ಸ್ಟೂಲುಗಳಿದ್ದರೆ ನೆಂಟರು ಬಂದಾಗ ಆಸನ, ಉಳಿದ ದಿನ ಪುಸ್ತಕವಿಡುವ ಜಾಗ. ಹಬ್ಬದ ದಿನ ಸುಲಭವಾಗಿ ಬಿಚ್ಚಿ ಮರುದಿನ ಮತ್ತೆ ಜೋಡಿಸಬಹುದಾದ ಕೋಣೆಯೇ ನಮ್ಮ ಬದುಕಿಗೆ ಒಪ್ಪುವುದು.

ಕೊಳ್ಳುವ ಮುನ್ನ, ಕೊಂಡ ಮೇಲೆ

ಹೊಸ ಸಾಮಾನು ಕೊಳ್ಳುವ ಮುನ್ನ ಅದರ ಉದ್ದಗಲಕ್ಕೆ ಹಳೆಯ ಪತ್ರಿಕೆಗಳನ್ನು ನೆಲದ ಮೇಲೆ ಹಾಸಿ, ಒಂದೆರಡು ದಿನ ಹಾಗೇ ಬಿಡಿ. ಮಕ್ಕಳು ಪತ್ರಿಕೆ ತುಳಿಯುತ್ತಾ ಓಡಾಡಿದರೆ ಅದು ದಾರಿಯಲ್ಲಿದೆ ಎಂದರ್ಥ. ಬಾಗಿಲು, ಮೆಟ್ಟಿಲಿನ ತಿರುವು, ಲಿಫ್ಟ್‌ನ ಅಗಲವನ್ನೂ ಅಳೆಯಿರಿ.

ಜೋಡಿಸಿ ಮುಗಿದ ಮೇಲೆ ಮನೆಯವರೆಲ್ಲ ಸೇರಿ ಒಂದೊಂದು ಆಸನದಲ್ಲೂ ಸರದಿಯಂತೆ ಕೂತು ನೋಡಿ. ಎದುರಿಗೆ ಮುಖ ಕಾಣುತ್ತದೆಯೇ? ಕೈಚಾಚಿದರೆ ಲೋಟ ಸಿಗುತ್ತದೆಯೇ? ಪತ್ರಿಕೆಯ ಅಕ್ಷರ ಕಾಣುತ್ತದೆಯೇ? ಯಾವ ಆಸನಕ್ಕೆ ಇವುಗಳಲ್ಲಿ ಒಂದು ತಪ್ಪಿದೆಯೋ ಅಲ್ಲಿ ಒಂದು ಸ್ಟೂಲನ್ನೋ ದೀಪವನ್ನೋ ಸೇರಿಸಿ, ಇಲ್ಲವೇ ಕುರ್ಚಿಯನ್ನೇ ಅರ್ಧ ಅಡಿ ಸರಿಸಿ. ಹೆಚ್ಚಿನ ಸಲ ಖರ್ಚಿಲ್ಲದೆ, ಇದ್ದುದನ್ನು ಸರಿಸುವುದರಲ್ಲೇ ಕೆಲಸ ಮುಗಿಯುತ್ತದೆ. ಒಂದು ಆಸನವೂ ಬೇಡವಾಗಿ ಉಳಿಯದ ದಿನ ನಿಮ್ಮ ಹಾಲ್ ಪೂರ್ತಿಯಾಗಿದೆ ಎಂದು ತಿಳಿಯಿರಿ.